ಹನ್ನೊಂದು ಬೋರ್ಡುಗಳ ವೆಬ್‌ಸೈಟು

ಕಳೆದ ವಾರ ಗೌರಿಬಿದನೂರಿನ ನಮ್ಮ ಮನೆಯ ಗೇಟಿಗೆ ಬಣ್ಣ ಹೊಡೆಸಿದೆ. ಎನಾಮಲ್ ಡಬ್ಬಿಯ ಮುಚ್ಚಳ ತೆಗೆದು ಟರ್ಪೆಂಟೈನ್ ಬೆರೆಸಿದ ಕೂಡಲೇ ವಾಸನೆ ನಡುಮನೆಯವರೆಗೂ ಬಂತು. ತಂಗಿ ಕಿಟಕಿ ಮುಚ್ಚಲು ಎದ್ದಳು. ಇರಲಿ ಬಿಡು ಎಂದೆ. ಅವಳಿಗೆ ಅದು ತಲೆನೋವು ಬರಿಸುವ ವಾಸನೆ; ನನಗೆ ತೊಂಬತ್ತೊಂಬತ್ತರ ಮಳೆಗಾಲ. ಚಿಂತಾಮಣಿಯಲ್ಲಿ ಕಳೆದ ಆ ನಾಲ್ಕು ತಿಂಗಳನ್ನು ನಾನು ಯಾರಿಗೂ ಪೂರ್ತಿ ಹೇಳಿಲ್ಲ. ಹೇಳಿದರೆ ತಪ್ಪು ಯಾರದು ಎಂದು ಕೇಳುತ್ತಾರೆ. ತಪ್ಪು ನನ್ನದೇ, ಅದರಲ್ಲಿ ಅನುಮಾನವೇನಿಲ್ಲ.

ಆಗ ನನಗೆ ಇಪ್ಪತ್ತನಾಲ್ಕು. ಡಿಪ್ಲೊಮಾ ಮುಗಿಸಿ ಚಿಂತಾಮಣಿಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆ. ಅದರ ಮಾಲೀಕರು ರೆಡ್ಡಿಯವರು. ಮೊದಲು ಅಲ್ಲಿ ಟೈಪಿಂಗ್ ಕಲಿಸುತ್ತಿದ್ದರು. ಹಳೆಯ ಟೈಪ್‌ರೈಟರುಗಳು ಹಿಂದಿನ ಕೋಣೆಯಲ್ಲಿ ಗೋಣಿಚೀಲ ಹೊದ್ದು ಕೂತಿದ್ದವು. ಮುಂದಿನ ಕೋಣೆಯಲ್ಲಿ ಆರು ಕಂಪ್ಯೂಟರು, ಒಂದಕ್ಕೆ ಮಾತ್ರ ಇಂಟರ್‌ನೆಟ್ಟು. ಒಂದು ಹನಿ ಬಿದ್ದರೆ ಸಾಕು, ಫೋನ್ ಲೈನು ಕೈಕೊಡುತ್ತಿತ್ತು. ನಮ್ಮ ಮನೆಯಲ್ಲಿ ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಬಾಬಾಸಾಹೇಬರ ಪಟ. ಇನ್ನೊಬ್ಬರಿಗೆ ಪಾಠ ಹೇಳುವ ಮಟ್ಟಕ್ಕೆ ಓದಿದವಳು ನಮ್ಮ ವಂಶದಲ್ಲಿ ನಾನೇ ಮೊದಲು. ಅಪ್ಪ ಅದನ್ನು ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳುತ್ತಿದ್ದರು. ಅದು ನನ್ನ ತಲೆಗೂ ಸ್ವಲ್ಪ ಏರಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಕೇಂದ್ರದ ಎದುರಿಗೇ ಗಫಾರ್ ಸಾಹೇಬರ ಅಂಗಡಿ. ಬೋರ್ಡು ಬರೆಯುವ ಪೇಂಟರ್ ಅವರು. ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಗೌರಿಬಿದನೂರು, ಈ ಯಾವ ಊರಿನಲ್ಲಿ ಬಸ್ಸಿಳಿದರೂ ಕಣ್ಣಿಗೆ ಬೀಳುವ ಅಂಗಡಿ ಹೆಸರುಗಳಲ್ಲಿ ಒಂದಾದರೂ ಅವರ ಕೈಯದ್ದಾಗಿರುತ್ತಿತ್ತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು. ಕನ್ನಡ, ತೆಲುಗು, ಉರ್ದು, ಇಂಗ್ಲಿಷ್ ನಾಲ್ಕನ್ನೂ ಬರೆಯುತ್ತಿದ್ದರು. ಇಂಗ್ಲಿಷ್ ಓದಲು ಮಾತ್ರ ಬರುತ್ತಿರಲಿಲ್ಲ. ಗಿರಾಕಿ ಚೀಟಿಯಲ್ಲಿ ಕೊಟ್ಟ ಅಕ್ಷರಗಳನ್ನು ಚಿತ್ರ ಬಿಡಿಸಿದ ಹಾಗೆ ಬಿಡಿಸುತ್ತಿದ್ದರು, ಒಂದೂ ತಪ್ಪುತ್ತಿರಲಿಲ್ಲ. ವಯಸ್ಸು ಐವತ್ತೆಂಟರ ಸುಮಾರು, ಬಿಳೀ ಗಡ್ಡ, ಅಂಗಿಯ ತೋಳಿನ ಮೇಲೆ ಯಾವಾಗಲೂ ಯಾವುದೋ ಒಂದು ಬಣ್ಣ.

ಆ ವರ್ಷ ಜೂನ್ ತಿಂಗಳಲ್ಲಿ ಬೆಂಗಳೂರಿನ ಒಂದು ಚಿತ್ರಕಲಾ ಕಾಲೇಜಿನ ಮೇಷ್ಟ್ರು ತಾಯಿಯನ್ನು ಕರೆದುಕೊಂಡು ಮುರುಗಮಲ್ಲದ ದರ್ಗಾಕ್ಕೆ ಬಂದಿದ್ದರು. ಬಸ್ಸಿಗೆ ಕಾಯುತ್ತಾ ನಿಂತಾಗ ಎದುರಿನ ಟೈಲರ್ ಅಂಗಡಿಯ ಬೋರ್ಡು ನೋಡಿ, ಇದನ್ನು ಬರೆದವರು ಯಾರು ಎಂದು ವಿಚಾರಿಸಿ, ನೇರ ಚಿಂತಾಮಣಿಗೆ ಬಂದುಬಿಟ್ಟರು. ಅವರ ಕಾಲೇಜಿನಲ್ಲಿ ಒಂದು ವರ್ಷ ವಿದ್ಯಾರ್ಥಿಗಳಿಗೆ ಬ್ರಷ್ಷಿನಲ್ಲಿ ಅಕ್ಷರ ಬರೆಯುವುದನ್ನು ಕಲಿಸಲು ಕೈಕಸುಬಿನವರೊಬ್ಬರನ್ನು ಹುಡುಕುತ್ತಿದ್ದರಂತೆ. ಯಾರು ಬೇಕೆಂದು ತೀರ್ಮಾನಿಸುವವರು ಮೂವರು ಮೇಷ್ಟ್ರು, ಅವರಲ್ಲಿ ಒಬ್ಬರು ಆ ವರ್ಷ ಹೊರದೇಶದಲ್ಲಿದ್ದರು. ಬೋರ್ಡುಗಳನ್ನು ಕಳಚಿ ಕಳಿಸಲಾಗುವುದಿಲ್ಲ. ಮೂವರೂ ಇದ್ದಲ್ಲಿಂದಲೇ ನೋಡುವ ಹಾಗೆ ಇಂಟರ್‌ನೆಟ್ಟಿನಲ್ಲಿ ಹಾಕಿಸಿ, ದಸರಾ ರಜೆಗೆ ಮುಂಚೆ ತಿಳಿಸಿ ಎಂದು ವಿಳಾಸ ಬರೆದುಕೊಟ್ಟು ಹೋದರು.

ಸಾಹೇಬರು ಆ ಚೀಟಿ ಹಿಡಿದು ನಮ್ಮ ಕೇಂದ್ರದ ಮೆಟ್ಟಿಲು ಹತ್ತಿದರು. ಅಷ್ಟು ವರ್ಷ ಎದುರಿಗೇ ಇದ್ದರೂ ಒಳಗೆ ಬಂದದ್ದು ಅದೇ ಮೊದಲು.

“ಸುಜಾತಮ್ಮ, ಇದರಲ್ಲಿ ಏನೋ ಇಂಟರ್‌ನೆಟ್ಟು ಅಂತ ಬರ್ದಿದಾರೆ. ಎಲ್ಲಿ ಹಾಕ್ತಾರೆ, ಹೆಂಗೆ ಹಾಕ್ತಾರೆ ನಂಗೊತ್ತಿಲ್ಲ. ನೀನು ಮಾಡಿಕೊಡ್ತೀಯಾ?”

ನಾನು ಅಲ್ಲಿಯವರೆಗೆ ಒಂದೂ ವೆಬ್‌ಸೈಟು ಮಾಡಿರಲಿಲ್ಲ. “ಮಾಡಿಕೊಡ್ತೀನಿ ಸಾಹೇಬ್ರೆ, ಅದೇನು ದೊಡ್ಡದಲ್ಲ” ಎಂದೆ.

ಅವರು ಚೀಟಿಯನ್ನು ನನ್ನ ಮೇಜಿನ ಮೇಲಿಟ್ಟರು. “ಅಲ್ಲಿ ಹೋದ್ರೆ ಹುಡುಗ್ರು ನನ್ನ ಮೇಷ್ಟ್ರೇ ಅಂತಾರಾ?”

“ಅನ್ನದೆ ಇನ್ನೇನಂತಾರೆ?”

“ನೋಡಮ್ಮ ಹಂಗಾದ್ರೆ. ಶಿಡ್ಲಘಟ್ಟದಲ್ಲಿ ಆಗ್ಲೇ ಕಂಪ್ಯೂಟರ್‌ನಲ್ಲಿ ಅಕ್ಷರ ಕತ್ತರಿಸಿ ಅಂಟ್ಸೋ ಮಿಷಿನ್ ಬಂದಿದೆ. ಇನ್ನು ಎರಡು ವರ್ಷ, ಮೂರು ವರ್ಷ. ಆಮೇಲೆ ನನ್ನನ್ನ ಯಾರೂ ಕರಿಯಲ್ಲ. ಅಷ್ಟರೊಳಗೆ ಇದನ್ನ ನಾಲ್ಕು ಜನಕ್ಕೆ ಕಲಿಸಿಬಿಟ್ರೆ ಸಾಕು ನಂಗೆ.”

ಅದನ್ನು ಅವರು ದುಃಖದಿಂದ ಹೇಳಲಿಲ್ಲ, ಬಸ್ಸಿನ ವೇಳೆ ಹೇಳುವ ಹಾಗೆ ಹೇಳಿದರು. ಅದಕ್ಕೇ ನನಗೆ ಆ ಮಾತು ಇನ್ನಷ್ಟು ತಾಕಿತು. ಈ ಕೆಲಸ ಇವರಿಗೆ ಸಿಕ್ಕಲೇಬೇಕು ಎಂದು ಮನಸ್ಸಿನಲ್ಲೇ ನಿಶ್ಚಯ ಮಾಡಿಕೊಂಡೆ.

ಮೊದಲ ಭಾನುವಾರವೇ ಅವರು ನನ್ನನ್ನು ಬೋರ್ಡು ತೋರಿಸಲು ಕರೆದುಕೊಂಡು ಹೋದರು. ಮೂರು ಭಾನುವಾರ ಸುತ್ತಿದೆವು. ನೂರಾರು ಬರೆದಿದ್ದರೂ ಅವರು ಆರಿಸಿದ್ದು ಹನ್ನೊಂದನ್ನೇ. ಜಂಗಮಕೋಟೆಯಲ್ಲಿ ಹಿಪ್ಪುನೇರಳೆ ತೋಟದ ಪಕ್ಕದ ಒಂದು ಹಾಲಿನ ಡೇರಿ, ಶಿಡ್ಲಘಟ್ಟದಲ್ಲಿ ಮೂರು ಲಿಪಿಗಳಲ್ಲಿ ಹೆಸರಿದ್ದ ರೇಷ್ಮೆ ನೂಲಿನ ಅಂಗಡಿ, ವಿದುರಾಶ್ವತ್ಥದ ದಾರಿಯಲ್ಲಿ ಒಂದು ಸೈಕಲ್ ಶಾಪು. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಮುರುಗಮಲ್ಲದ ಆ ಟೈಲರ್ ಅಂಗಡಿ. ಕಡು ನೀಲಿಯ ಮೇಲೆ ಹಳದಿ ಅಕ್ಷರ. ನೀಲಿ ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿತ್ತು, ಹಳದಿ ಅಲ್ಲಲ್ಲಿ ಚಕ್ಕೆಯೆದ್ದಿತ್ತು. ಆದರೆ ‘ಉಡುಪುಗಳು’ ಎಂಬ ಪದದ ಕೊನೆಯ ‘ಳು’ ಎಷ್ಟು ನಿರಾಳವಾಗಿ ತಿರುಗಿ ನಿಂತಿತ್ತೆಂದರೆ, ಕೆಳಗೆ ಹೊಲಿಗೆ ಯಂತ್ರದ ಸದ್ದಿನ ನಡುವೆ ನಿಂತು ನಾನು ಅದನ್ನೇ ನೋಡುತ್ತಿದ್ದೆ.

“ಇದು ಬರ್ದು ಇಪ್ಪತ್ತು ವರ್ಷದ ಮೇಲಾಯ್ತು. ಆ ಬಾಲದಲ್ಲಿ ಬ್ರಷ್ ಎತ್ತೇ ಇಲ್ಲ ನೋಡು. ಉಸಿರು ಕಟ್ಟಿ ಒಂದೇ ಸಲಕ್ಕೆ ಎಳೆದಿದ್ದು” ಎಂದರು.

ಆ ದಿನ ನನ್ನ ಹತ್ತಿರ ಕ್ಯಾಮೆರಾ ಇರಲಿಲ್ಲ. ತರಬಹುದಿತ್ತು, ರೆಡ್ಡಿಯವರದ್ದು ಕೇಂದ್ರದ ಬೀರುವಿನಲ್ಲೇ ಇತ್ತು, ಕೇಳಿದರೆ ಇಲ್ಲ ಅನ್ನುತ್ತಿರಲಿಲ್ಲ. ಮೊದಲು ವೆಬ್‌ಸೈಟು ಸಿದ್ಧವಾಗಲಿ, ಚಿತ್ರ ಕೊನೆಗೆ ಹಾಕಿದರಾಯಿತು ಎಂದುಕೊಂಡೆ. ಎಷ್ಟು ದೊಡ್ಡ ಚಿತ್ರ ಬೇಕು, ಅಡ್ಡವೋ ಉದ್ದವೋ, ಅದೆಲ್ಲ ತಿಳಿಯದೆ ರೀಲು ಯಾಕೆ ಹಾಳು ಮಾಡುವುದು? ಬುದ್ಧಿವಂತಳ ಯೋಚನೆ.

ಜುಲೈ ಪೂರ್ತಿ ನಾನು ಪುಕ್ಕಟೆ ಸಿಗುವ ಸಾಧನಗಳನ್ನು ಆರಿಸುವುದರಲ್ಲಿ ಕಳೆದೆ. ಸ್ವಂತ ಹೆಸರಿನ ವಿಳಾಸ ಕೊಳ್ಳುವ ಮಾತೇ ಇರಲಿಲ್ಲ, ಆದ್ದರಿಂದ ಎಲ್ಲವೂ ಬಿಟ್ಟಿಯದ್ದೇ ಆಗಬೇಕು. ಆದರೆ ನೋಡಿದವರಿಗೆ ಬಿಟ್ಟಿಯದ್ದು ಅನ್ನಿಸಬಾರದು. ನನಗೆ ಮೂರು ದಾರಿ ಕಂಡವು. ಒಂದು, ಅಮೆರಿಕದ ಯಾವುದೋ ಕಂಪನಿಯವರು ಪುಕ್ಕಟೆ ಜಾಗ ಕೊಟ್ಟು, ಹೆಸರೇನು, ಕಸುಬೇನು ಎಂದು ಹತ್ತು ಪ್ರಶ್ನೆ ಕೇಳಿ ಅವರೇ ಪುಟ ಕಟ್ಟಿಕೊಡುತ್ತಿದ್ದರು. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತಿತ್ತು. ಎರಡನೆಯದು, ಬ್ರೌಸರಿನ ಜೊತೆ ಬಂದಿದ್ದ ಒಂದು ಸಾಫ್ಟ್‌ವೇರು. ಅದರಲ್ಲಿ ಚಿತ್ರವನ್ನೂ ಅಕ್ಷರವನ್ನೂ ಬೇಕಾದ ಕಡೆ ಎಳೆದಿಡಬಹುದಿತ್ತು. ಮೂರನೆಯದು, ಎಲ್ಲ ಕಂಪ್ಯೂಟರಿನಲ್ಲೂ ಇರುವ, ಬರೀ ಅಕ್ಷರ ಬರೆಯುವ ಸಾದಾ ಸಾಫ್ಟ್‌ವೇರಿನಲ್ಲಿ ಪುಟದ ಒಂದೊಂದು ಆಜ್ಞೆಯನ್ನೂ ನಾನೇ ಟೈಪು ಮಾಡುವುದು.

ಮೂರರಲ್ಲೂ ಪುಟ ಮಾಡಿದೆ. ಅಮೃತಶಿಲೆಯ ಹಾಗೆ ಕಾಣುವ ಹಿನ್ನೆಲೆ ಹಾಕಿದೆ, ತೆಗೆದೆ. ಉರಿಯುವ ದೀಪ ಹಾಕಿದೆ. ಎಷ್ಟು ಜನ ನೋಡಿದರು ಎಂದು ಎಣಿಸುವ ಮೀಟರು ಹಾಕಿದೆ. ಹೆಸರು ಬಲದಿಂದ ಎಡಕ್ಕೆ ಓಡುವ ಹಾಗೆ ಮಾಡಿ, ಸಾಹೇಬರನ್ನು ಕರೆದು ತೋರಿಸಿದೆ. ಕ್ಲಾಸು ಮುಗಿದ ಮಧ್ಯಾಹ್ನ, ರೆಡ್ಡಿಯವರೂ ಚಹಾ ಲೋಟ ಹಿಡಿದು ಹಿಂದೆ ನಿಂತಿದ್ದರು.

ಸಾಹೇಬರು ಕನ್ನಡಕ ಏರಿಸಿ ನೋಡಿದರು. “ಇದ್ಯಾಕಮ್ಮ ಓಡ್ತಿದೆ?”

“ಚೆನ್ನಾಗಿ ಕಾಣ್ಲಿ ಅಂತ ಸಾಹೇಬ್ರೆ.”

“ಬಸ್ಸಲ್ಲಿ ಕೂತೋನು ಓಡ್ತಿರ್ತಾನೆ. ಬೋರ್ಡು ನಿಂತಿರ್ಬೇಕು. ಎರಡೂ ಓಡಿದ್ರೆ ಓದೋರ್ಯಾರು?”

ರೆಡ್ಡಿಯವರು ನಕ್ಕರು. “ಏಮಮ್ಮಾ ಸುಜಾತಾ, ನಾನು ಅದೇ ಹೇಳೋಣ ಅಂತಿದ್ದೆ” ಎಂದರು. ಅವರೇನೂ ಹೇಳುವವರಿರಲಿಲ್ಲ. ದೀಪ ಚೆನ್ನಾಗಿದೆ ಎಂದು ಬೆಳಿಗ್ಗೆಯಷ್ಟೇ ಹೊಗಳಿದ್ದರು.

ಅಂದಿನಿಂದ ಸಾಹೇಬರು ದಿನಾ ಮಧ್ಯಾಹ್ನ ಬಂದು ನನ್ನ ಪಕ್ಕ ಕೂರತೊಡಗಿದರು. ದೀಪ ಹೋಯಿತು. ಮೀಟರು ಹೋಯಿತು, “ಎಷ್ಟು ಜನ ನೋಡಿದ್ರು ಅಂತ ಅಂಗಡಿ ಮುಂದೆ ಯಾರಾದ್ರೂ ಬರೀತಾರಾ?” ಎಂದರು. ಅಮೃತಶಿಲೆ ಹೋಗಿ ಬಿಳಿ ಉಳಿಯಿತು. ಪುಟಕ್ಕೆ ಮೂರು ಚಿತ್ರಗಳಿಗೆ ಜಾಗ ಬಿಟ್ಟಿದ್ದೆ, ಒಂದು ಸಾಕು ಎಂದರು. ಚಿತ್ರದ ಸುತ್ತ ಎಷ್ಟು ಖಾಲಿ ಬಿಡಬೇಕೆಂದು ಪರದೆಯ ಮೇಲೆ ಬೆರಳಿಟ್ಟು ಅಳೆದು ತೋರಿಸಿದರು. ಎಡಕ್ಕಿಂತ ಬಲಕ್ಕೆ ಒಂದು ಬೆರಳು ಹೆಚ್ಚು, ಮೇಲಿಗಿಂತ ಕೆಳಗೆ ಎರಡು ಬೆರಳು ಹೆಚ್ಚು. ಯಾಕೆ ಎಂದು ಕೇಳಿದರೆ, “ಖಾಲಿ ಜಾಗ ಕೂರೋಕೆ ಕುರ್ಚಿ ಇದ್ದಂಗೆ. ಅಕ್ಷರ ಕೂತಿರ್ಬೇಕು, ನೇತಾಡ್ಬಾರ್ದು” ಅನ್ನುವರು. ಅವರು ಹೇಳಿದ ಹಾಗೆ ಮಾಡಿದಾಗಲೆಲ್ಲ ಪುಟ ನನ್ನ ಕಣ್ಣೆದುರೇ ನೆಟ್ಟಗಾಗುತ್ತಿತ್ತು. ಪುಸ್ತಕ ಓದಿ ಕಲಿತವಳು ನಾನು, ಆದರೆ ಆ ಮಧ್ಯಾಹ್ನಗಳಲ್ಲಿ ಕಲಿತದ್ದು ಯಾವ ಪುಸ್ತಕದಲ್ಲೂ ಇರಲಿಲ್ಲ.

ಸಾಧನವನ್ನು ಆರಿಸಿದವರೂ ಅವರೇ. ಮೂರನ್ನೂ ತೋರಿಸಿ ವಿವರಿಸಿದೆ. ಪ್ರಶ್ನೆ ಕೇಳಿ ಕಟ್ಟಿಕೊಡುವುದನ್ನು ನೋಡಿ, “ಇದು ಎಲ್ರಿಗೂ ಒಂದೇ ಅಚ್ಚು ಹಾಕತ್ತೆ” ಎಂದರು. ಆ ಕಂಪನಿ ಜಾಗ ಕೊಡುವುದನ್ನು ನಿಲ್ಲಿಸಿದರೆ ನಮ್ಮ ಪುಟ ನಮ್ಮ ಕೈಗೆ ಬರುತ್ತದೆಯೇ ಎಂದು ಕೇಳಿದರು, ಬರುವುದಿಲ್ಲ ಎಂದೆ. ಎಳೆದಿಡುವ ಸಾಫ್ಟ್‌ವೇರು ನಾನು ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಕೆಡಿಸುತ್ತಿತ್ತು. ಕೊನೆಗೆ ಬರೀ ಅಕ್ಷರದ ಸಾದಾ ಪುಟವನ್ನು ತೋರಿಸಿ, ಇದರಲ್ಲಿ ಎಲ್ಲವನ್ನೂ ಕೈಯಲ್ಲೇ ಬರೆಯಬೇಕು, ನಿಧಾನ ಎಂದೆ.

“ತಪ್ಪಾದ್ರೆ ಎಲ್ಲಿ ತಪ್ಪಾಗಿದೆ ಅಂತ ಗೊತ್ತಾಗತ್ತಾ?”

“ಗೊತ್ತಾಗತ್ತೆ. ಯಾವ ಸಾಲು ಅಂತ ಕಾಣತ್ತೆ.”

“ಹಂಗಾದ್ರೆ ಇದೇ.”

ಇಡಲು ಜಾಗವನ್ನು ಮಾತ್ರ ಬೇರೆ ಕಡೆ ಪುಕ್ಕಟೆ ಪಡೆದೆವು. ನಮ್ಮ ಪುಟವನ್ನು ಬೇಕೆಂದಾಗ ವಾಪಸು ತೆಗೆದುಕೊಳ್ಳಬಹುದಾದ, ಮೇಲುಗಡೆ ಒಂದೇ ಒಂದು ಸಣ್ಣ ಜಾಹೀರಾತು ಹಾಕುವ ಜಾಗ. ಚಿತ್ರಗಳಿಗೆ ಇನ್ನೊಂದು ಸಣ್ಣ ಸಾಫ್ಟ್‌ವೇರು ಸಿಕ್ಕಿತು. ಫೋನ್ ಲೈನಿನಲ್ಲಿ ಬೇಗ ಬರುವಂತೆ ಚಿತ್ರವನ್ನು ಚಿಕ್ಕದು ಮಾಡುವುದು, ಹಗುರ ಮಾಡುವುದು, ಅಷ್ಟೇ ಅದರ ಕೆಲಸ. ಇದಕ್ಕಿಂತ ಒಳ್ಳೆಯದೊಂದಿತ್ತು, ಕಾಸು ಕೊಡದಿದ್ದರೆ ಅದು ಮೂವತ್ತು ದಿನಕ್ಕೆ ಕಣ್ಣು ಮುಚ್ಚುತ್ತಿತ್ತು.

ಆಗಸ್ಟ್ ಕೊನೆಗೆ ಪುಟಗಳೆಲ್ಲ ಸಿದ್ಧವಾದವು, ಚಿತ್ರದ ಜಾಗ ಖಾಲಿ. ಆಗ ಮಳೆ ಹಿಡಿಯಿತು. ಆ ಕಡೆ ಮಳೆ ಬಂದರೆ ಯಾರೂ ಬೈಯುವುದಿಲ್ಲ, ನಾನೂ ಬೈಯಲಿಲ್ಲ. ಬಿಸಿಲು ಬರಲಿ, ಒಂದೇ ದಿನ ಹೋಗಿ ಎಲ್ಲ ಫೋಟೊ ತೆಗೆದು ಮುಗಿಸೋಣ ಎಂದು ಸಾಹೇಬರಿಗೆ ಹೇಳಿದೆ. ಅವರು ಸರಿ ಎಂದರು. ಮರುದಿನದಿಂದ ಮಧ್ಯಾಹ್ನ ಬರುವುದನ್ನು ನಿಲ್ಲಿಸಿದರು. ಮಳೆ ಬಿಡುವು ಕೊಟ್ಟ ಬೆಳಿಗ್ಗೆಗಳಲ್ಲಿ ಬಣ್ಣದ ಪೆಟ್ಟಿಗೆ ಹಿಡಿದು ಬಸ್ ಸ್ಟ್ಯಾಂಡಿನ ಕಡೆ ಹೋಗುವುದನ್ನು ಕಿಟಕಿಯಿಂದ ನೋಡುತ್ತಿದ್ದೆ. ಹಬ್ಬದ ಸಮಯ, ಕೆಲಸ ಬಂದಿರಬೇಕು ಎಂದುಕೊಂಡೆ. ಒಂದು ದಿನವೂ ಎಲ್ಲಿಗೆ ಎಂದು ಕೇಳಲಿಲ್ಲ.

ಸೆಪ್ಟೆಂಬರ್ ಕೊನೆಯಲ್ಲಿ ಬಿಸಿಲು ಬಂತು. ರೆಡ್ಡಿಯವರ ಕ್ಯಾಮೆರಾಕ್ಕೆ ರೀಲು ತುಂಬಿಸಿಕೊಂಡು ಇಬ್ಬರೂ ಮೊದಲ ಬಸ್ಸಿಗೆ ಮುರುಗಮಲ್ಲಕ್ಕೆ ಹೋದೆವು. ಇಳಿದು ತಲೆ ಎತ್ತಿದರೆ ನೀಲಿ ಬೋರ್ಡು ಮಿರಿಮಿರಿ ಮಿಂಚುತ್ತಿದೆ. ಹಳದಿ ಹೊಸ ಹಳದಿ. ಎನಾಮಲ್ ವಾಸನೆ ಇನ್ನೂ ಹೋಗಿರಲಿಲ್ಲ. ಟೈಲರ್ ಹೊರಗೆ ಬಂದು, “ನೋಡಿ ಮೇಡಂ, ಕೇಳ್ದೇನೇ ಬಂದು ಹೊಸದು ಮಾಡಿಕೊಟ್ರು ನಮ್ ಸಾಬ್ರು” ಎಂದು ಹಿಗ್ಗಿದ.

“ಸಾಹೇಬ್ರೆ, ಇದನ್ನ ಯಾವಾಗ ಬರೆದ್ರಿ?”

“ಹೋದ ವಾರ. ಹನ್ನೊಂದೂ ಮುಗಿಸ್ದೆ. ಕೊನೇದು ನಿಮ್ಮ ಗೌರಿಬಿದನೂರಿಂದು, ಮೊನ್ನೆ.” ಅವರ ಮುಖದಲ್ಲಿ ಇಷ್ಟು ದಿನ ಮುಚ್ಚಿಟ್ಟ ಸಂತೋಷ. “ಬಣ್ಣ ಹೋಗಿರೋ ಬೋರ್ಡನ್ನ ದೊಡ್ಡೋರ ಮುಂದೆ ಹೆಂಗಮ್ಮ ಇಡೋದು? ನಮ್ಮ ಉಸ್ತಾದ್ರು ಹೊಸ ಗಿರಾಕಿಗೆ ಹಳೇ ಬೋರ್ಡು ತೋರಿಸ್ಬೇಕಂದ್ರೆ ಹಿಂದಿನ ದಿನ ಹೋಗಿ ಒಂದು ಕೈ ಹೊಡೆದು ಬರೋರು. ಅದು ನಮ್ಮ ಮರ್ಯಾದೆ.”

ನನಗೆ ಅದು ಗೊತ್ತಿರಲಿಲ್ಲ. ಅವರಿಗೆ ಅದು ಎಷ್ಟು ಸಹಜವೆಂದರೆ, ಮುಂಚೆಯೇ ಹೇಳಬೇಕು ಅಂತಲೂ ಅನ್ನಿಸಿರಲಿಲ್ಲ. ನಾನು ಮೇಲೆ ನೋಡಿದೆ. ಏನೋ ಸರಿಯಿಲ್ಲ ಅನ್ನಿಸಿತು, ಏನೆಂದು ಹೇಳಲಾಗಲಿಲ್ಲ. ಹೊಳಪಿಗೆ ಕಣ್ಣು ಕುಕ್ಕುತ್ತಿದೆ ಎಂದುಕೊಂಡು ಫೋಟೊ ತೆಗೆದೆ. ಉಳಿದ ಹತ್ತನ್ನೂ ಎರಡು ದಿನದಲ್ಲಿ ತೆಗೆದೆ. ಶಿಡ್ಲಘಟ್ಟದ ನೂಲಿನ ಅಂಗಡಿಯ ಮುಂದೆ ಅವರು ಕ್ಯಾಮೆರಾದ ಹಿಂದೆ ನಿಂತು, ನಾನು ಗುಂಡಿ ಒತ್ತುವಾಗ ಉಸಿರು ಹಿಡಿಯುತ್ತಿದ್ದರು.

ಪ್ರಿಂಟು ಬಂದ ದಿನ ಅವನ್ನು ತೋರಿಸಲು ಸಾಹೇಬರ ಮನೆಗೆ ಹೋದೆ. ಸಾಹೇಬರು ನಮಾಜಿಗೆ ಹೋಗಿದ್ದರು. ಅವರ ಹೆಂಡತಿ ಜೈಬುನ್ ಚಾಚಿ ನನಗೆ ಚಹಾ ಕೊಟ್ಟು, ಫೋಟೊಗಳನ್ನು ಒಂದೊಂದಾಗಿ ನೋಡಿ ಸೆರಗಿನಿಂದ ಒರೆಸಿ ವಾಪಸು ಕೊಟ್ಟರು.

“ಬೇಟಿ, ಅವರಿಗೆ ಸಕ್ಕರೆ ಕಾಯಿಲೆ ಇದೆ, ನಿಂಗೊತ್ತಲ್ಲ. ಎರಡು ವರ್ಷದಿಂದ ಕೈ ಸ್ವಲ್ಪ ನಡುಗ್ತದೆ. ಅವರು ಯಾರ್ಗೂ ಹೇಳಲ್ಲ. ಕಣ್ಣೂ ಮಂಜು. ನೀನೂ ಹೇಳ್ಬೇಡ.”

“ಗೋಡೆಗೆ ಎಡಗೈ ಊರಿ ಅದರ ಮೇಲೆ ಬಲಗೈ ಇಟ್ಟು ಬರೀತಾರಲ್ಲ ಚಾಚಿ, ಎಲ್ಲ ಪೇಂಟರ್‌ಗಳೂ ಹಂಗೇ ಬರೀತಾರಲ್ಲ” ಎಂದೆ.

“ಮೊದ್ಲು ಊರ್ತಿರಲಿಲ್ಲ” ಎಂದರು ಚಾಚಿ.

ಆ ಮಧ್ಯಾಹ್ನ ಫೋಟೊಗಳನ್ನು ಸ್ಕ್ಯಾನ್ ಮಾಡಿ ಪರದೆಯ ಮೇಲೆ ತೆರೆದೆ. ಆಗ ಕಂಡಿತು. ‘ಉಡುಪುಗಳು’ ಪದದ ಆ ಬಾಲ ಮೂರು ಕಡೆ ಸಣ್ಣಗೆ ಅಲುಗಿತ್ತು. ಬ್ರಷ್ ಎತ್ತಿ ಮತ್ತೆ ಇಟ್ಟ ಗುರುತು. ಜಂಗಮಕೋಟೆಯ ಬೋರ್ಡಿನಲ್ಲಿ ದುಂಡು ಅಕ್ಷರಗಳು ದುಂಡಾಗಿರಲಿಲ್ಲ. ರಸ್ತೆಯಲ್ಲಿ ತಲೆ ಎತ್ತಿ ನೋಡುವಾಗ ಹೊಳಪಿನಲ್ಲಿ ಅಡಗಿದ್ದದ್ದು ಇಲ್ಲಿ ಕಣ್ಣೆದುರು ನಿಂತಿತ್ತು. ಅದರ ಕೆಳಗೆ, ಒಂದು ಪದರ ಬಣ್ಣದ ಕೆಳಗೆ, ಅವರ ಮೂವತ್ತೈದರ, ನಲವತ್ತರ ಕೈ ಇತ್ತು. ಜೂನ್‌ನಲ್ಲಿ ನಾನು ನೋಡಿದ್ದೆ. ನೋಡಿದ್ದು ನಾನೊಬ್ಬಳೇ ಅಲ್ಲ, ಊರೆಲ್ಲ ಇಪ್ಪತ್ತು ವರ್ಷ ನೋಡಿತ್ತು. ಆದರೆ ಫೋಟೊ ತೆಗೆಯಬೇಕಿದ್ದವಳು ನಾನು. ಮೂರು ಭಾನುವಾರ ಬೀರುವಿನಲ್ಲಿದ್ದ ಕ್ಯಾಮೆರಾವನ್ನು ತೆಗೆದುಕೊಳ್ಳದೆ, ಓಡುವ ಅಕ್ಷರ ಹಾಕಲೋ ಉರಿಯುವ ದೀಪ ಹಾಕಲೋ ಎಂದು ಕೂತಿದ್ದವಳು ನಾನು. ಅಂದು ಕ್ಲಾಸಿಗೆ ಬಂದವರಿಗೆ ಏನು ಪಾಠ ಹೇಳಿದೆನೋ ನೆನಪಿಲ್ಲ.

ಸಂಜೆ ಐದಕ್ಕೆ ಸಾಹೇಬರು ಬಂದು ಪಕ್ಕದಲ್ಲಿ ಕೂತರು. ಮುರುಗಮಲ್ಲದ ಚಿತ್ರವನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಪರದೆಯ ಹತ್ತಿರ ಬಾಗಿದರು.

“ಈ ಗೆರೆ ಯಾಕಮ್ಮ ಹಿಂಗೆ ಅಲುಗಿದೆ?”

ನಾನು ಚಿತ್ರವನ್ನು ಚಿಕ್ಕದು ಮಾಡಿದೆ. “ಅದು ಸಾಫ್ಟ್‌ವೇರ್‌ದು ಸಾಹೇಬ್ರೆ. ಚಿತ್ರ ಹಗುರ ಮಾಡ್ದಾಗ ಅಂಚು ಹರಿದುಬಿಡತ್ತೆ. ಪುಕ್ಕಟೆದಲ್ವಾ, ಅಷ್ಟೇ ಅದರ ಯೋಗ್ಯತೆ.”

“ಕಾಸು ಕೊಟ್ಟು ತಗೊಂಡಿದ್ರೆ?”

“ಸರಿಯಾಗಿ ಕಾಣ್ತಿತ್ತು.”

ಅವರು ತಲೆಯಾಡಿಸಿದರು. “ನೋಡೋರಿಗೆ ಅದು ಗೊತ್ತಾಗತ್ತಾ, ಮಿಷಿನ್‌ದು ಅಂತ?”

“ಅವ್ರು ಬಲ್ಲೋರು. ಗೊತ್ತಾಗತ್ತೆ” ಎಂದೆ.

ಹಳೆಯ ಬೋರ್ಡು ಹಿಂದೆ ಕಾಣುವಂಥ ಒಂದಾದರೂ ಫೋಟೊ ಯಾರ ಮನೆಯಲ್ಲಾದರೂ ಇರಬಹುದೆಂದು ಸಾಹೇಬರಿಗೆ ಹೇಳದೆ ಹುಡುಕಿದೆ. ಟೈಲರ್ ಹತ್ತಿರ ಅವನ ಮದುವೆಯ ದಿನ ಅಂಗಡಿ ಮುಂದೆ ತೆಗೆಸಿದ ಒಂದು ಫೋಟೊ ಇತ್ತು. ಅವನ ತಲೆಯ ಮೇಲಿನ ಹೂವಿನ ಸೆಹರಾ ಅರ್ಧ ಬೋರ್ಡನ್ನು ಮುಚ್ಚಿತ್ತು. ಉಳಿದರ್ಧದಲ್ಲಿ ಒಂದು ‘ಉ’, ಅದೂ ಮಸುಕು. ಅದನ್ನು ಹಾಗೇ ವಾಪಸು ಕೊಟ್ಟು ಬಂದೆ.

ಮೇಷ್ಟ್ರು ಕೊಟ್ಟ ಗಡುವು ಮುಗಿಯುತ್ತಾ ಬಂದಿತ್ತು. ಹನ್ನೊಂದು ಚಿತ್ರಗಳನ್ನೂ ಖಾಲಿ ಜಾಗಗಳಲ್ಲಿ ಕೂರಿಸಿ, ಮಳೆಯಿಲ್ಲದ ಒಂದು ಬೆಳಿಗ್ಗೆ ಇಂಟರ್‌ನೆಟ್ಟಿಗೆ ಏರಿಸಿದೆ. ಪುಟದ ಕೊನೆಯಲ್ಲಿ, ಪುಟ ಮಾಡಿದವರು ಎಂದು ನನ್ನ ಹೆಸರು ಇರಲೇಬೇಕೆಂದು ಸಾಹೇಬರು ಹಟ ಹಿಡಿದರು. ಕಾಲೇಜಿನ ಮೇಷ್ಟ್ರಿಗೆ ವಿಳಾಸ ಕಳಿಸಿದೆ.

ದಸರಾ ಕಳೆದು ನಾಲ್ಕು ದಿನಕ್ಕೆ ಉತ್ತರ ಬಂತು. ಸಾಹೇಬರು ಅಂಗಡಿಯಲ್ಲೇ ಇದ್ದರು, ಕರೆದೆ. ಬಂದು, ಪರದೆಯ ಮುಂದೆ ತಮ್ಮ ಮಾಮೂಲು ಸ್ಟೂಲಿನ ಮೇಲೆ ಕೂತರು. ಅವರನ್ನು ಕರೆಯುವ ಮೊದಲೇ ನಾನು ಉತ್ತರವನ್ನು ಮೂರು ಸಲ ಓದಿಕೊಂಡಿದ್ದೆ. ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೇಳುವಾಗ ಏನು ಬಿಡಬೇಕು, ಏನು ಸೇರಿಸಬೇಕು ಎಂದು ಲೆಕ್ಕ ಹಾಕಿಟ್ಟಿದ್ದೆ.

“ಈ ವರ್ಷ ಆಗಲ್ಲವಂತೆ ಸಾಹೇಬ್ರೆ. ನಿಮ್ಮ ಕೆಲಸದ ಮೇಲೆ ತುಂಬ ಗೌರವ ಇದೆಯಂತೆ. ಪುಟದ ಜೋಡಣೆ, ಖಾಲಿ ಜಾಗ ಬಿಟ್ಟಿರೋ ರೀತಿ ಮೂವರಿಗೂ ಬಹಳ ಹಿಡಿಸಿದೆಯಂತೆ. ಅದನ್ನ ಮಾಡ್ದೋಳು ನಾನು ಅಂದ್ಕೊಂಡಿದಾರೆ. ನಾನು ಇವತ್ತೇ ಬರೀತೀನಿ, ಅದೆಲ್ಲ ನೀವು ಹೇಳಿದ್ದು ಅಂತ.”

“ಬರಿ, ಸುಳ್ಳೇನಲ್ಲ ಅದು” ಎಂದರು. ಒಂದು ಕ್ಷಣ ಅವರಿಗೆ ನಿಜವಾಗಿ ಸಂತೋಷವಾಯಿತು, ಮುಖದಲ್ಲೇ ಕಂಡಿತು. “ಕೈ ಬಗ್ಗೆ ಏನಂದಿದಾರೆ?”

“ಏನೂ ಇಲ್ಲ.”

“ಅಕ್ಷರ ಕಲ್ಸೋನನ್ನ ಹುಡುಕೋರು ಕೈ ಬಗ್ಗೆ ಏನೂ ಬರೀದೆ ಇರ್ತಾರಾ? ಅದನ್ನ ಓದಮ್ಮ.”

ಓದಿದೆ. ಅಕ್ಷರಗಳ ಕಲ್ಪನೆ ದೊಡ್ಡದು, ಆದರೆ ಗೆರೆ ನಡುಗಿದೆ; ಮೊದಲು ಚಿತ್ರದ ದೋಷವೆಂದುಕೊಂಡೆವು, ಬೋರ್ಡಿನ ಅಂಚು, ಗೋಡೆಯ ಅಂಚು ನೇರವಾಗಿಯೇ ಇರುವುದರಿಂದ ಹಾಗಲ್ಲವೆಂದು ತಿಳಿಯಿತು. ಕೊನೆಗೆ ಮೇಷ್ಟ್ರು ತಾವೇ ಸೇರಿಸಿದ್ದರು: ನಾನು ಮುರುಗಮಲ್ಲದಲ್ಲಿ ಕಂಡ ಬೋರ್ಡು ಇದಲ್ಲ, ಹಳೆಯದರ ಚಿತ್ರ ಇದ್ದರೆ ದಯವಿಟ್ಟು ಕಳಿಸಿ.

ಸಾಹೇಬರು ಮುರುಗಮಲ್ಲದ ಚಿತ್ರ ತೆಗೆ ಎಂದು ಸನ್ನೆ ಮಾಡಿದರು. ತೆಗೆದೆ. ಬಾಗಿ, ಬೋರ್ಡಿನ ಮೇಲಂಚಿನ ಮೇಲೆ ಬೆರಳಾಡಿಸಿದರು. ನೇರವಾಗಿತ್ತು. ಆಮೇಲೆ ಅಂಗಡಿಯ ಬಾಗಿಲ ಚೌಕಟ್ಟಿನ ಮೇಲೆ. ಅದೂ ನೇರ. ಆಮೇಲೆ ‘ಳು’ವಿನ ಬಾಲದ ಮೇಲೆ ಬೆರಳು ತಂದು, ಅದು ಅಲುಗಿದ ಮೂರು ಕಡೆಯೂ ನಿಲ್ಲಿಸಿದರು.

“ಊರಲ್ಲಿ ಎಲ್ರೂ ಚೆನ್ನಾಗಿದೆ ಅಂತಿದ್ರು, ಎರಡು ವರ್ಷದಿಂದ. ನಂಗೂ ಅಷ್ಟೇ ಸಾಕಾಗಿತ್ತು. ಇವ್ರು ನೋಡಿದಾರೆ” ಎಂದರು. ದನಿಯಲ್ಲಿ ಕಹಿ ಇರಲಿಲ್ಲ. “ಇಂಥೋರ ಹತ್ರ ಹುಡುಗ್ರು ಕಲೀಬೇಕು.”

“ನಾನು ಜೂನ್‌ನಲ್ಲೇ ಫೋಟೊ ತೆಗೀಬೇಕಿತ್ತು ಸಾಹೇಬ್ರೆ. ನನ್ನಿಂದ ಹೋಯ್ತು ಎಲ್ಲ.”

“ನೀನು ತೆಗೀಲಿಲ್ಲ, ನಾನು ಬಳಿದೆ. ಅದಿರ್ಲಿ.” ಅವರು ನನ್ನ ಕಡೆ ತಿರುಗಿದರು. “ಅವತ್ತು ನಾನು ಕೇಳ್ದಾಗ ನಿಂಗೆ ಗೊತ್ತಿತ್ತಲ್ವಾ?”

ಹೂಂ ಎಂದೆ.

“ಮತ್ತೆ ಪಾಪ, ಆ ಪುಕ್ಕಟೆ ಸಾಫ್ಟ್‌ವೇರ್ ಮೇಲೆ ಯಾಕಮ್ಮ ಹಾಕ್ದೆ? ಅದು ಇದ್ದದ್ದನ್ನ ಇದ್ದಂಗೇ ತೋರಿಸ್ತು. ನಮ್ಮ ಮೂವರಲ್ಲಿ ಹಂಗೆ ಮಾಡಿದ್ದು ಅದೊಂದೇ.”

ನನಗೆ ತಲೆ ಎತ್ತಲಾಗಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ರೆಡ್ಡಿಯವರು ಒಳಗೆ ಬಂದವರು ನಮ್ಮಿಬ್ಬರನ್ನು ನೋಡಿ ಸದ್ದಿಲ್ಲದೆ ಹಿಂದಿನ ಕೋಣೆಗೆ ಹೋದರು.

“ಈಗ ತೆಗಿ ಇವನ್ನೆಲ್ಲ” ಎಂದರು ಸಾಹೇಬರು.

“ಇರ್ಲಿ ಬಿಡಿ. ಹಳೇದಂತೂ ಇಲ್ಲ, ಇದಾದ್ರೂ ಇರ್ಲಿ.”

“ಸರಿಯಿಲ್ದಿರೋ ಬೋರ್ಡನ್ನ ನಾನು ಯಾವತ್ತೂ ಅಂಗಡಿ ಮುಂದೆ ಬಿಟ್ಟು ಬಂದಿಲ್ಲ.”

ಅಂದು ಫೋನ್ ಲೈನು ಚೆನ್ನಾಗಿತ್ತು. ನಮ್ಮ ಜಾಗವನ್ನು ತೆರೆದು ಜಂಗಮಕೋಟೆಯ ಚಿತ್ರದ ಮೇಲೆ ಒತ್ತಿದೆ. ನಿಜವಾಗಿಯೂ ಅಳಿಸಬೇಕೇ ಎಂದು ಅದು ಕೇಳಿತು. ಏನು ಕೇಳ್ತಿದೆ ಎಂದರು. ಹೇಳಿದೆ. ಹೂಂ ಎಂದರು. ಎರಡನೆಯದಕ್ಕೂ ಅದು ಅದನ್ನೇ ಕೇಳಿತು, ಮೂರನೆಯದಕ್ಕೂ ಕೇಳಿತು. ಪ್ರತಿ ಸಲವೂ ನಾನು ಓದಿ ಹೇಳಿದೆ, ಪ್ರತಿ ಸಲವೂ ಅವರು ಹೂಂ ಎಂದರು. ಹತ್ತು ಮುಗಿದವು. ಉಳಿದದ್ದು ಮುರುಗಮಲ್ಲದ್ದು. ಮೌಸಿನ ಗುರುತು ಎರಡು ಸಲ ಆ ಗುಂಡಿಯನ್ನು ತಪ್ಪಿ ಆಚೆ ಹೋಯಿತು.

ಸಾಹೇಬರು ಪರದೆಯನ್ನು ಬಿಟ್ಟು ನನ್ನ ಕೈಯನ್ನು ನೋಡುತ್ತಿದ್ದರು.

“ಎಡಗೈ ಊರ್ಕೋ ಬೇಟಾ” ಎಂದರು. “ನಡುಗಲ್ಲ.”